ಅಲೋಹ ಮತ್ತು ಗಿರಿಜಕ್ಕ

ಅಲೋಹಗಳ ಪಾಠ ಶುರುಮಾಡುವಾಗ ನನಗೆ ಪ್ರತಿ ವರ್ಷವೂ ಸಣ್ಣದೊಂದು ಮುಜುಗರ. ತುಮಕೂರಿನಲ್ಲಿ ಪಿಯು ಮಕ್ಕಳಿಗೆ ಕೆಮಿಸ್ಟ್ರಿ ಹೇಳಿ ಹೊಟ್ಟೆ ಹೊರೆಯುವವಳು ಮುಜುಗರಪಟ್ಟುಕೊಂಡರೆ ನಡೆಯುವುದಿಲ್ಲ, ನಿಜ. ಆದರೂ ನೋಡಿ: ಬಡಿದರೆ ತಗಡಾಗುವುದಿಲ್ಲ, ಎಳೆದರೆ ತಂತಿಯಾಗುವುದಿಲ್ಲ, ತಟ್ಟಿದರೆ ಠಣ್ ಅನ್ನುವುದಿಲ್ಲ, ಹೊಳಪಿಲ್ಲ, ಕರೆಂಟು ಹರಿಯುವುದಿಲ್ಲ. ಇಷ್ಟು ಇಲ್ಲಗಳನ್ನು ಬೋರ್ಡಿನ ಮೇಲೆ ಬರೆದರೆ ಅಲೋಹದ ಗುಣಲಕ್ಷಣ ಮುಗಿಯಿತು. ಹೆಣ್ಣು ನೋಡಿ ಒಪ್ಪದೆ ಬಂದವರು ದಾರಿಯಲ್ಲಿ ಮಾತಾಡಿಕೊಂಡ ಹಾಗೆ.

ಅದಾದರೂ ಪೂರ್ತಿ ನಿಜವೇ? ಪೆನ್ಸಿಲ್ಲಿನ ಗ್ರಾಫೈಟು ಇಂಗಾಲವೇ, ಆದರೂ ಕರೆಂಟು ಹರಿಸುತ್ತದೆ. ಅಯೋಡಿನ್ ಹರಳು ಹೊಳೆಯುತ್ತದೆ. ಜಲಜನಕವನ್ನು ಎಲ್ಲಿ ಕೂರಿಸಬೇಕೆಂದು ತೋಚದೆ ಲೋಹಗಳ ಸಾಲಿನ ತುದಿಯಲ್ಲಿ ಕೂರಿಸಿದ್ದಾರೆ. ಅತ್ತಲೂ ಇತ್ತಲೂ ಸೇರದ ಸಿಲಿಕಾನ್, ಆರ್ಸೆನಿಕ್‌ಗಳಿಗೆ ಲೋಹಾಭ ಅಂತ ಬೇರೆ ಜಗಲಿ. ಕಂಡವರನ್ನೆಲ್ಲ ಹಿಡಿದುಕೊಳ್ಳುವ ಕ್ಲೋರಿನ್ ಒಂದು ಕಡೆ, ಯಾರ ಗೊಡವೆಯೂ ಬೇಡವೆಂದು ಕೂತ ಹೀಲಿಯಂ ಇನ್ನೊಂದು ಕಡೆ. ಲೋಹವಲ್ಲ ಅನ್ನುವುದೊಂದು ಬಿಟ್ಟರೆ ಇವರಿಬ್ಬರಿಗೂ ಏನು ಸಂಬಂಧವೋ ನನಗಂತೂ ಗೊತ್ತಿಲ್ಲ.

ಹೋದ ವರ್ಷ ಈ ಪಾಠ ತುಮಕೂರಿನಂಚಿನ ಮರಳೂರಿನ ನಮ್ಮ ಮನೆಗೇ ಬಂತು. ನಮ್ಮಕ್ಕ ಗಿರಿಜ ಕುಣಿಗಲ್‌ನಲ್ಲಿ ಟೈಲರಿಂಗ್ ಕ್ಲಾಸ್ ನಡೆಸುತ್ತಿದ್ದಳು. ಆ ಊರಿನ ಎಷ್ಟೋ ಹೆಣ್ಣುಮಕ್ಕಳು ಕತ್ತರಿ ಹಿಡಿಯಲು ಕಲಿತದ್ದು ಅವಳ ಹತ್ತಿರ. ಅವಳಿಗೆ ಶ್ವಾಸಕೋಶ ಗಟ್ಟಿಯಾಗುತ್ತಾ ಹೋಗುವ ಕಾಯಿಲೆ ಬಂತು. ವಾಸಿಯಾಗುವುದಿಲ್ಲ, ಉಸಿರಿಗೆ ಅನುಕೂಲ ಮಾಡಿಕೊಡಬಹುದು ಅಷ್ಟೆ, ಅಂದರು ಡಾಕ್ಟರು. ಅವಳನ್ನು ಕರೆದುಕೊಂಡು ಬಂದು, ಆಕ್ಸಿಜನ್ ಮೆಷೀನು ತಂದು ಮಂಚದ ಪಕ್ಕ ಇಟ್ಟೆವು.

ಮೂಗಿಗೆ ನಳಿಕೆ ಸಿಕ್ಕಿಸಿಕೊಂಡು ಅಕ್ಕ ಕೇಳಿದಳು: "ಇದ್ರೊಳಗೆ ಏನೇ ನಡೀತದೆ?"

ನಾನು ಮೇಡಂ ಆಗಿಬಿಟ್ಟೆ. ಗಾಳಿಯಲ್ಲಿ ಮುಕ್ಕಾಲಿಗೂ ಹೆಚ್ಚು ಸಾರಜನಕ, ಉಸಿರಿಗೆ ಅದರಿಂದ ಉಪಯೋಗವಿಲ್ಲ. ಮೆಷೀನು ಅದನ್ನು ತಡೆದು ಆಮ್ಲಜನಕ ಬಿಡುತ್ತದೆ. ಎರಡೂ ಅಲೋಹಗಳೇ, ಅಂತೆಲ್ಲ ವಿವರಿಸಿದೆ.

"ಕೆಲ್ಸ ಮಾಡದೋರೇ ಮುಕ್ಕಾಲು ಅನ್ನು. ನಮ್ಮನೆ ಗಂಡಸ್ರ ಥರ." ನಕ್ಕಳು, ನಕ್ಕಿದ್ದಕ್ಕೆ ಕೆಮ್ಮು ಬಂತು. ಕೆಮ್ಮು ನಿಂತ ಮೇಲೆ, "ಅಲೋಹ ಅಂದ್ರೆ?" ಅಂದಳು.

"ಲೋಹ ಅಲ್ಲದ್ದು."

"ಅದು ಏನಲ್ಲ ಅಂತ ಆಯ್ತು. ಏನು ಅಂತ ಹೇಳ್ಲಿಲ್ವಲ್ಲೇ. ಇಲ್ದೇ ಇರೋದನ್ನೇ ಹೇಳಿ ಹೆಸ್ರಿಡೋದು ನಮ್ಮೋರಿಗೆ ಮೊದ್ಲಿಂದ ಅಭ್ಯಾಸ, ಬುಡು."

ನಮ್ಮ ಬಳಗದಲ್ಲಿ ಇಬ್ಬರು ಗಿರಿಜೆಯರು. ಚಿಕ್ಕಪ್ಪನ ಮಗಳು ಬರೀ ಗಿರಿಜ. ನಮ್ಮಕ್ಕ 'ಮದುವೆಯಾಗದ ಗಿರಿಜ'. ಹಂಗಿಸಲು ಯಾರೂ ಹಾಗನ್ನುತ್ತಿರಲಿಲ್ಲ, ಗುರುತಿಗೆ ಅನ್ನುತ್ತಿದ್ದರು. ಅಕ್ಕನ ಕಿವಿಗೆ ಅದು ಬೀಳುತ್ತಿತ್ತೆಂದು ನಮಗೆ ಹೊಳೆದೇ ಇರಲಿಲ್ಲ.

ಆ ಸಲ ಮಳೆ ಚೆನ್ನಾಗಿ ಆಯಿತು. "ಕುಣಿಗಲ್ ಕೆರೆ ಕೋಡಿ ಬಿದ್ದೈತಂತೆ ಕಣೇ. ಒಂದ್ಸಲ ನೋಡ್ಬೇಕು," ಅಂದಳು. ಡಾಕ್ಟರು ಮೊದಲು ಬೇಡವೆಂದು ತಲೆಯಾಡಿಸಿದರು, ಕಡೆಗೆ, ಆಕ್ಸಿಜನ್ ಸಿಲಿಂಡರ್ ಜೊತೆಗಿಟ್ಟುಕೊಂಡು ಹೋಗಿ ಬನ್ನಿ ಅಂದರು. ಭಾನುವಾರ ಬೆಳಿಗ್ಗೆ ನಮ್ಮ ಯಜಮಾನರು ನಿಧಾನಕ್ಕೆ ಕಾರು ಓಡಿಸಿದರು. ಸಿಲಿಂಡರನ್ನು ಕಾಲ ಸಂದಿಯಲ್ಲಿ ಅವಚಿಕೊಂಡು ಹಿಂದೆ ಕೂತವಳು ನಾನು.

ಏರಿಯ ಹತ್ತಿರ ಕಾರು ನಿಲ್ಲಿಸಿ ಕಿಟಕಿ ಇಳಿಸಿದೆವು. ನೀರು ಕಣ್ಣಿಗೆ ನಿಲುಕುವವರೆಗೂ ಇತ್ತು. ಅಷ್ಟರಲ್ಲಿ ಸ್ಕೂಟರ್ ನಿಲ್ಲಿಸಿ ಒಬ್ಬ ಹೆಂಗಸು ಓಡಿಬಂದಳು. "ಗಿರಿಜಕ್ಕ! ಎಲ್ಲಿಗೆ ಹೋಗ್ಬಿಟ್ರಿ ನೀವು? ನಿಮ್ ಕ್ಲಾಸಿನ್ ಮುಂದೆ ದಿನಾ ಹೋಗ್ತೀನಿ, ಬೀಗ!" ಅಂದವಳು ನಳಿಕೆ ಕಂಡಳು. ಕಣ್ಣು ತುಂಬಿಕೊಂಡವು.

ಅಕ್ಕ ಅವಳ ತೋಳು ಹಿಡಿದು ಹತ್ತಿರಕ್ಕೆ ಎಳೆದುಕೊಂಡಳು. "ಕಂಕುಳಲ್ಲಿ ಹೆಂಗೆ ಎಳೀತಾ ಐತೆ ನೋಡು ಈ ಬ್ಲೌಸು. ನಾನು ಹಿಂಗಾ ಹೇಳ್ಕೊಟ್ಟಿದ್ದು?"

"ನಾನ್ ಹೊಲ್ದಿದ್ದಲ್ಲ ಅಕ್ಕ, ರೆಡಿಮೇಡು," ಅಂದು ಆಕೆ ಅಳುತ್ತಲೇ ನಕ್ಕಳು. ಅಕ್ಕನ ಕೈ ಬಿಡದೆ ತುಂಬ ಹೊತ್ತು ಬಿಸಿಲಲ್ಲೇ ನಿಂತಿದ್ದಳು. ವಾಪಸು ಬರುವಾಗ ಅಕ್ಕ ಹೇಳಿದಳು: "ಅವ್ಳ ಕೈ ಬಲೇ ನೀಟು. ಹೊಲಿಯೋದು ಬಿಟ್ಟವ್ಳೆ, ಪೆದ್ದಿ."

ಅದಾದ ಮೇಲೆ ಅಕ್ಕ ಹೆಚ್ಚು ದಿನ ಇರಲಿಲ್ಲ. ಒಂದು ಮಧ್ಯಾಹ್ನ ಮೆಷೀನು ಕೊಡುತ್ತಲೇ ಇತ್ತು, ಅವಳು ತೆಗೆದುಕೊಳ್ಳುವುದನ್ನು ನಿಲ್ಲಿಸಿದಳು. ಚಿತೆ ಆರಿದ ಮೇಲೆ ಮಡಕೆಗೆ ತುಂಬಿದ್ದು ಹಿಡಿಯಷ್ಟು ಅಸ್ಥಿ. ಹಾಳು ಕೆಮಿಸ್ಟ್ರಿ ಅಲ್ಲೂ ಬಿಡಲಿಲ್ಲ. ಉಳಿದದ್ದು ಮುಖ್ಯವಾಗಿ ಸುಣ್ಣ, ರಂಜಕ. ಮಿಕ್ಕ ಅಕ್ಕ ಪೂರ್ತಿ ಇಂಗಾಲ, ಜಲಜನಕ, ಆಮ್ಲಜನಕ, ಸಾರಜನಕವಾಗಿ ಗಾಳಿಗೆ ಹೋಗಿಯಾಗಿತ್ತು. ಇದನ್ನು ಪಕ್ಕದಲ್ಲಿದ್ದವರಿಗೆ ಹೇಳುವ ಹಾಗಿರಲಿಲ್ಲ.

ಮೆಷೀನು ಸುಮ್ಮನೆ ಇಟ್ಟುಕೊಂಡು ಏನು ಮಾಡುವುದು? ಗುಬ್ಬಿ ಕಡೆಯ ನಿಟ್ಟೂರಿನಲ್ಲಿ ಯಾರಿಗೋ ಬೇಕಂತೆ ಎಂದು ತಿಳಿದು ಹೇಳಿಕಳಿಸಿದೆ. ಅತ್ತೆಗೆಂದು ಕೊಂಡೊಯ್ಯಲು ಸೊಸೆಯೇ ಗೂಡ್ಸ್ ಆಟೋ ಮಾಡಿಕೊಂಡು ಬಂದಳು. ಗಾಳಿಗೆ ತೇವ ಕೊಡುವ ಬಾಟಲಿಗೆ ಗೆರೆಯವರೆಗೆ ನೀರು ಹಾಕಬೇಕು, ದೀಪ, ಒಲೆ ಹತ್ತಿರ ಇಡಬಾರದು, ಆಮ್ಲಜನಕ ತಾನು ಉರಿಯುವುದಿಲ್ಲ, ಆದರೆ ಬೇರೆಯದನ್ನು ಉರಿಸುತ್ತದೆ, ಅಂತ ಎಲ್ಲ ಹೇಳಿದೆ. ಸ್ವಿಚ್ ಹಾಕಿ ತೋರಿಸಿದೆ.

"ಇಷ್ಟು ಸದ್ದಿಗೆ ನಿದ್ದೆ ಬರ್ತದಾ ಅಕ್ಕ?" ಅಂದಳು.

"ಮೊದ್ಮೊದ್ಲು ಬರಲ್ಲಮ್ಮ. ಆಮೇಲೆ ಈ ಸದ್ದು ಇಲ್ದಿದ್ರೆ ಬರಲ್ಲ."

ಅವಳು ಸ್ವಿಚ್ ಆರಿಸಿ, ನನ್ನ ಮುಖ ನೋಡಿದಳು. "ಮತ್ತೆ ಇದಿಲ್ದೆ ನೀವೇನ್ಮಾಡ್ತೀರಾ?"

"ಕಲೀತಾ ಇದೀನಿ," ಅಂದೆ.