ಸಹಿ ಹೊಂದದ ಫೈಲು

ತಿಪಟೂರಿನಲ್ಲಿ ತೆಂಗು ಬೆಳೆಗಾರರ ಒಂದು ಸಣ್ಣ ಸಂಘವಿತ್ತು. ಎರಡು ಸಾವಿರದ ಇಸವಿ ದಾಟಿದ ಮೇಲಿನ ಕೆಲವು ವರ್ಷ ನಾನು ಅದರ ಕಚೇರಿಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದೆ. ಸುತ್ತಲಿನ ತೋಟಗಳಲ್ಲಿ ವರ್ಷಕ್ಕೆ ನೂರಕ್ಕೂ ಹೆಚ್ಚು ಕಾಯಿ ಬಿಡುವ ಮರಗಳನ್ನು ಹುಡುಕಿ, ತಾಯಿಮರಗಳೆಂದು ನೋಂದಾಯಿಸಿ, ಅವುಗಳ ಕಾಯಿಯನ್ನು ಸಸಿ ಮಾಡಲು ತರುವುದು ಸಂಘದ ಕೆಲಸ. ತೋಟದಲ್ಲಿ ಎಣಿಸಿದ್ದನ್ನು ಮೊದಲು ರಿಜಿಸ್ಟರಿಗೆ ಬರೆಯುತ್ತಿದ್ದರು. ಆಮೇಲೆ ನಾನು ಅದನ್ನು ಡೇಟಾಬೇಸಿಗೆ ಏರಿಸುತ್ತಿದ್ದೆ.

ಆ ವರ್ಷ ಡೇಟಾಬೇಸ್ ಸರ್ವರುಗಳಿಗೇ ಹತ್ತುವ ಒಂದು ವೈರಸ್ಸಿನ ಸುದ್ದಿ ಹಬ್ಬಿತ್ತು. ನಮಗೆ ಸರ್ವರ್ ಹಾಕಿಕೊಟ್ಟಿದ್ದ ಬೆಂಗಳೂರಿನ ತಂತ್ರಜ್ಞರು ರಿಪೇರಿಯ ಸಿ.ಡಿ. ಕಳಿಸಿದರು. ಅದರಲ್ಲಿದ್ದುದನ್ನು ಸರ್ವರಿಗೆ ನಕಲು ಮಾಡಿ ಓಡಿಸಿದೆ. ಅರ್ಧಕ್ಕೆ ನಿಂತಿತು. ಒಂದು ಫೈಲಿನ ಡಿಜಿಟಲ್ ಸಹಿ ಹೊಂದುತ್ತಿಲ್ಲ ಎಂಬ ಬರಹ ಬಂತು. ಸಿ.ಡಿ.ಯನ್ನು ಸೆರಗಿನಿಂದ ಒರೆಸಿ ಮತ್ತೆ ಹಾಕಿದೆ. ಮತ್ತೆ ಅದೇ.

ಸಂಘದ ಕಾರ್ಯದರ್ಶಿಯವರು ನಿವೃತ್ತ ಹೆಡ್‌ಮಾಸ್ತರು. ಬಂದು ನನ್ನ ಬೆನ್ನ ಹಿಂದೆ ನಿಂತರು.

"ಏನಂತಮ್ಮ ಅದರ ತಕರಾರು?"

"ಸಹಿ ಸರಿಯಿಲ್ಲ ಅಂತದೆ ಸಾರ್."

"ಯಾರೋ ಎಲ್ಲೋ ಮಾಡಿದ ಸಹೀನ ಇದು ಇಲ್ಲಿ ಕೂತ್ಕೊಂಡು ನೋಡ್ತದಾ? ಸಹಿ ನೋಡಬೇಡ ಅಂತ ಹೇಳಾಕೆ ಆಗಲ್ವ?"

ಆಗುತ್ತಿತ್ತು. ಪರೀಕ್ಷೆ ಬಿಟ್ಟು ಮುಂದುವರಿಯುವ ದಾರಿ ಅದರಲ್ಲೇ ಇತ್ತು, ನನ್ನ ಕೈಯೂ ಅತ್ತಲೇ ಹೋಗುತ್ತಿತ್ತು. ಯಾವುದಕ್ಕೂ ಇರಲಿ ಎಂದು ಬೆಂಗಳೂರಿಗೆ ಫೋನ್ ಮಾಡಿದೆ.

"ಬೇಡ ಮೇಡಂ, ಹಾಗೆ ಮಾಡ್ಬೇಡಿ," ಎಂದರು ತಂತ್ರಜ್ಞರು. "ಫೈಲ್‌ನಲ್ಲಿರೋ ಒಂದೊಂದು ಅಕ್ಷರಾನೂ ಲೆಕ್ಕಕ್ಕೆ ತಗೊಂಡು ಆ ಸಹಿ ಮಾಡಿರ್ತಾರೆ. ಒಂದೇ ಒಂದು ಅಕ್ಷರ ಬದಲಾಗಿದ್ರೂ ಹೊಂದಲ್ಲ. ಸಿ.ಡಿ.ಲಿರೋ ಫೈಲನ್ನೂ ನೀವು ನಕಲು ಮಾಡಿದ್ದನ್ನೂ ಹೋಲಿಸಿ ನೋಡಿ." ಹೋಲಿಸುವ ಕಮ್ಯಾಂಡನ್ನು ಅಕ್ಷರ ಅಕ್ಷರವಾಗಿ ಹೇಳಿ ಬರೆಸಿದರು.

ಕಮ್ಯಾಂಡ್ ಕೊಟ್ಟು ಕಾದೆವು. ಕಪ್ಪು ಪರದೆಯ ಮೇಲೆ ಒಂದೇ ಸಾಲು ಮೂಡಿತು. ಕೋಟಿಗಟ್ಟಲೆ ಅಕ್ಷರಗಳ ಫೈಲಿನಲ್ಲಿ ಒಂದು ಜಾಗ ಮಾತ್ರ ಬೇರೆಯಾಗಿತ್ತು. ಸಿ.ಡಿ.ಯಲ್ಲಿ 4B ಇದ್ದ ಕಡೆ ನಮ್ಮ ನಕಲಿನಲ್ಲಿ 6B ಇತ್ತು. ಅಷ್ಟೇ.

ಹೆಡ್‌ಮಾಸ್ತರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು. ಮೂವತ್ತು ವರ್ಷ ಮಕ್ಕಳ ಉತ್ತರಪತ್ರಿಕೆ ತಿದ್ದಿದವರು ಅವರು. "ಇಷ್ಟರಲ್ಲಿ ಒಂದೇ ತಪ್ಪು. ಅದನ್ನ ಹಿಡಿದು ಕೂರಿಸೈತಲ್ಲಮ್ಮ," ಎಂದು ಮೆಲ್ಲಗೆ ಹೇಳಿ ಸ್ಟೂಲು ಎಳೆದುಕೊಂಡು ಕೂತುಬಿಟ್ಟರು. 

ಇನ್ನೊಂದು ಸಲ ನಕಲು ಮಾಡಿದರೆ ತಪ್ಪು ಬೇರೆ ಜಾಗಕ್ಕೆ ಹೋಗಿತ್ತು. ಎರಡೂ ಸಾಲುಗಳನ್ನು ಫೋನಿನಲ್ಲಿ ತಂತ್ರಜ್ಞರಿಗೆ ಓದಿ ಹೇಳಿದೆ. ಅವರೆಂದರು: "ಹಾಗಾದ್ರೆ ಸಿ.ಡಿ. ಚೆನ್ನಾಗಿದೆ ಮೇಡಂ. ನಿಮ್ಮ ಸರ್ವರಿನ ಮೆಮೊರಿ ಕೆಟ್ಟಿದೆ. ಒಂದು ಅಕ್ಷರ ಅಂದ್ರೆ ಎಂಟು ಸ್ವಿಚ್ ಇದ್ದ ಹಾಗೆ. ಮೆಮೊರೀಲಿ ಯಾವುದೋ ಒಂದು ಸ್ವಿಚ್ ಆರಲೇಬೇಕಾದಾಗ್ಲೂ ಆರ್ತಾ ಇಲ್ಲ. ಅದರ ಬೆಲೆ ಮೂವತ್ತೆರಡು. 4B ಅನ್ನೋದು ಹದಿನಾರರ ಲೆಕ್ಕ, 4 ಹೋಗಿ 6 ಆದ್ರೆ ಎರಡು ಹದಿನಾರು ಹೆಚ್ಚಾದ ಹಾಗೆ."

ಪೆಟ್ಟಿಗೆ ಬಿಚ್ಚಿದೆ. ಒಳಗೆ ಬೆರಳುದ್ದದ ಎರಡು ಮೆಮೊರಿ ಪಟ್ಟಿಗಳಿದ್ದವು. ಒಂದನ್ನು ಕಿತ್ತು ನಕಲು ಮಾಡಿ ನೋಡಿದರೆ ತಪ್ಪು ಹಾಗೇ ಇತ್ತು. ಅದನ್ನು ಹಾಕಿ ಇನ್ನೊಂದನ್ನು ಕಿತ್ತೆ. ಆಮೇಲೆ ಹತ್ತು ಸಲ ನಕಲು ಮಾಡಿದರೂ ಒಂದಕ್ಷರ ಬದಲಾಗಲಿಲ್ಲ. ಸಹಿ ಹೊಂದಿತು, ರಿಪೇರಿ ಮುಗಿಯಿತು.

ಖುಷಿಪಡಬೇಕಾದ ಆ ಹೊತ್ತಿನಲ್ಲೇ ಇನ್ನೊಂದು ಹೊಳೆಯಿತು. ನಾನು ಏರಿಸಿದ ಮರಗಳ ಲೆಕ್ಕವೂ ಅದೇ ಮೆಮೊರಿಯನ್ನು ಹಾದೇ ಹೋಗಿತ್ತಲ್ಲ. ಆ ಅಂಕಿಗಳಿಗೆ ಯಾರ ಸಹಿಯೂ ಇರಲಿಲ್ಲ.

ಹೆಡ್‌ಮಾಸ್ತರಿಗೆ ಹೇಳಿದೆ. ಅವರು ಬೈಯಲಿಲ್ಲ. "ರಿಜಿಸ್ಟರ್ ತಗೊಂಬಾ," ಎಂದರು. ಎರಡು ವಾರ ಅವರು ಓದುತ್ತಾ ಹೋದರು, ನಾನು ಪರದೆಯಲ್ಲಿ ನೋಡುತ್ತಾ ಹೋದೆ. ಒಂಬತ್ತು ಮರಗಳ ಲೆಕ್ಕ ತಪ್ಪಿತ್ತು. ಪ್ರತಿಯೊಂದರಲ್ಲೂ ಸರಿಯಾಗಿ ಮೂವತ್ತೆರಡು ಕಾಯಿ ಹೆಚ್ಚು. ಮೊದಲನೆಯದಕ್ಕೆ ಇಬ್ಬರೂ ನಕ್ಕೆವು. ಐದನೆಯದಕ್ಕೆ ನಗು ಬರಲಿಲ್ಲ. ಕಣ್ಣಿಗೆ ಕಾಣದ ಒಂದು ಸ್ವಿಚ್ಚು ಇಷ್ಟು ದಿನ ತೆಂಗಿನ ಮರಗಳಿಗೆ ಕಾಯಿ ಕೂಡಿಸುತ್ತಾ ಕೂತಿತ್ತು, ಒಂದೇ ಒಂದು ಸಹಿ ಅದನ್ನು ಹಿಡಿದುಕೊಟ್ಟಿತ್ತು.

ಒಂಬತ್ತರಲ್ಲಿ ಒಂದು ಮಾತ್ರ ಸುಳ್ಳು ಲೆಕ್ಕದಿಂದಲೇ ತಾಯಿಮರವಾಗಿತ್ತು. ಅದು ಕಂದಿಕೆರೆಯ ಮರ. ರಿಜಿಸ್ಟರಿನಲ್ಲಿ ತೊಂಬತ್ತೆರಡು, ಕಂಪ್ಯೂಟರಿನಲ್ಲಿ ನೂರ ಇಪ್ಪತ್ತನಾಲ್ಕು. ಮುಂದಿನ ವಾರವೇ ಅದರ ಕಾಯಿ ತರುವುದಿತ್ತು. ಪತ್ರ ಹಾಕಿದರೆ ಸಾಕಾಗುತ್ತಿತ್ತು, ಆದರೆ ಮುಖ ನೋಡಿ ಹೇಳಬೇಕು ಅನ್ನಿಸಿತು. ಚಿಕ್ಕನಾಯಕನಹಳ್ಳಿಯಲ್ಲಿ ಬಸ್ಸು ಬದಲಿಸಿ ಹೋದೆ.

ತೋಟದ ಒಡತಿ ನನ್ನ ತಾಯಿಯ ವಯಸ್ಸಿನವರು. ಮರವನ್ನು ಪಟ್ಟಿಯಿಂದ ತೆಗೆಯಬೇಕಾಗಿದೆ ಎಂದು ತಡವರಿಸುತ್ತಾ ಹೇಳಿದೆ. ಅವರು ಹುಲ್ಲು ಕೊಯ್ಯುತ್ತಿದ್ದ ಕುಡುಗೋಲು ಕೆಳಗಿಟ್ಟರು.

"ನೂರಿಪ್ಪತ್ತನಾಲ್ಕು ಅಂತ ನಿಮ್ಮೋರು ಚೀಟಿ ಕಳ್ಸಿದಾಗ್ಲೇ ಅಂದ್ಕಂಡೆ, ಈ ಮರ ಅಷ್ಟೆಲ್ಲಿ ಬುಟ್ಟೈತೆ ಅಂತ. ಓದ್ದೋರು ಬರ್ದವ್ರೆ, ಇರಬೈದು ಅಂತ ಸುಮ್ಕಾದೆ ಕಣವ್ವ."

"ತಪ್ಪಾಯ್ತಮ್ಮ," ಎಂದೆ.

"ಬುಡು, ಮರಕ್ಕೇನು ಗೊತ್ತು. ಅದ್ರ ಪಾಡಿಗೆ ಅದು ಬುಡ್ತದೆ. ಬಾ ಇಲ್ಲಿ."

ಬಾವಿಯ ಆಚೆ, ಬದುವಿನ ಮೂಲೆಯಲ್ಲಿ ಇನ್ನೊಂದು ಮರವಿತ್ತು. ನಮ್ಮವರು ಎಣಿಸಲು ಬಂದಿದ್ದ ದಿನ ಅದರ ಕಾಯಿಯೆಲ್ಲ ಕಿತ್ತಾಗಿತ್ತಂತೆ, ಹಾಗಾಗಿ ಯಾರೂ ಅತ್ತ ನೋಡಿರಲಿಲ್ಲ. ತಲೆ ಎತ್ತಿದೆ. ಗೊನೆಯ ಮೇಲೆ ಗೊನೆ. ಬಿಸಿಲಿಗೆ ಕೈ ಅಡ್ಡ ಹಿಡಿದು ಇಬ್ಬರೂ ಬೇರೆಬೇರೆಯಾಗಿ ಎಣಿಸಿದೆವು. ಅವರ ಲೆಕ್ಕ ನೂರ ಹನ್ನೊಂದು, ನನ್ನದು ನೂರ ಒಂಬತ್ತು.

"ಇನ್ನೊಂದು ಕಿತ ಎಣಿಸಾನ," ಎಂದು ಅವರು ಮರದ ಆ ಕಡೆಗೆ ಹೋದರು.