ಕೆಮ್ಮಣ್ಣಿನ ಗುರುತು

ನನ್ನ ಅತ್ತೆಗೆ ಮರೆವು ಬಂದದ್ದು ವಯಸ್ಸಿನಿಂದ. ಅದು ಬೇಗ ಬಲಿತದ್ದು ನನ್ನಿಂದ. ಊರಿನವರು ದೇವರ ಇಚ್ಛೆ ಅಂದಾಗ ನಾನೂ ತಲೆಯಾಡಿಸಿದ್ದೆ.

ಸಾವಿರದ ಒಂಬೈನೂರ ಎಂಬತ್ತರ ಆಚೀಚಿನ ಮಾತು. ಬುಕ್ಕಾಪಟ್ಟಣದ ಹತ್ತಿರ ನಮ್ಮ ಮನೆ, ಜಗಲಿಯ ಮುಂದೆಯೇ ಕುರಿ ಕೂಡುವ ರೊಪ್ಪ. ನನ್ನ ಯಜಮಾನರು ಕುರಿ ಹೊಡೆದುಕೊಂಡು ಮೇಯಿಸಲು ಹೋದರೆ ಎಳೆಮರಿಗಳು ರೊಪ್ಪದಲ್ಲೇ ಉಳಿಯುತ್ತಿದ್ದವು. ಬೆಳಿಗ್ಗೆ ಸಂಜೆ ಒಂದೊಂದು ಮರಿಯನ್ನೂ ಅದರ ತಾಯಿಗೆ ಬಿಟ್ಟು ಹಾಲು ಕುಡಿಸುವುದು ಅತ್ತೆಯ ಕೆಲಸ. ಇಪ್ಪತ್ತು ಮರಿಯಿದ್ದರೂ ಮುಖ ನೋಡಿಯೇ ತಾಯಿಯನ್ನು ಹೇಳುತ್ತಿದ್ದಳು.

ಒಂದು ಸಂಜೆ ತಪ್ಪಿದಳು. ತನ್ನದಲ್ಲದ ಮರಿ ಎಂದು ಕುರಿ ಗುದ್ದಿ ಮರಿಯ ಕಾಲು ಮುರಿಯಿತು.

"ಬುಡತ್ತೆ, ನಿಂಗಿನ್ನು ಗ್ಯಾನ ಇಲ್ಲ. ಸುಮ್ಕೆ ಕೂತ್ಕ," ಅಂದೆ.

"ಆರು ಮಕ್ಳ ಹೆತ್ತೆ, ಒಂದನ್ನೂ ಅದಲುಬದಲು ಮಾಡ್ಲಿಲ್ಲ ಕಣಮ್ಮಿ. ಒಂದ್ ಮರಿಗೆ ಇಂಗಾಡ್ತೀಯ?" ಅಂದಳು. ನಾನು ನಗಲಿಲ್ಲ.

ಕೆಮ್ಮಣ್ಣು ಕಲಸಿ ತಾಯಿಗೂ ಮರಿಗೂ ಒಂದೇ ಗುರುತು ಬಳಿದೆ. ಒಂದು ಜೋಡಿಗೆ ಬೆನ್ನ ಮೇಲೆ ಬೊಟ್ಟು, ಇನ್ನೊಂದಕ್ಕೆ ಗೀಟು. ಹೊಸ ಮರಿ ಹುಟ್ಟಿದರೂ ಹಾಗೆಯೇ. ಅತ್ತೆಯನ್ನು ಜಗಲಿಯ ಮೇಲೆ ಕೂರಿಸಿ ಕೂತಲ್ಲಿಗೇ ಮುದ್ದೆ ಕೊಟ್ಟೆ. ಒಳ್ಳೆ ಸೊಸೆ ಅನ್ನಿಸಿಕೊಂಡೆ.

ವರ್ಷ ತುಂಬುವುದರೊಳಗೆ ಉಂಡದ್ದು ಅವಳಿಗೆ ನೆನಪಿರುತ್ತಿರಲಿಲ್ಲ. "ಯಾರ ಮನೆಯೋಳವ್ವಾ ನೀನು?" ಎಂದು ನನ್ನನ್ನೇ ಕೇಳತೊಡಗಿದಳು.

ಒಂದು ಸಂಜೆ ಮರಿಯೊಂದು ನೀರಿನ ಬಾನಿಗೆ ಬಿದ್ದು ಗುರುತು ತೊಳೆದುಹೋಯಿತು. ಕೆಲವು ತಾಯಿಕುರಿಗಳ ಗುರುತೂ ಮಾಸಿತ್ತು. ಅಂಥ ಎರಡು ಕುರಿಗೆ ಬಿಟ್ಟು ನೋಡಿದೆ, ಎರಡೂ ಗುದ್ದಿದವು. ಜಗಲಿಯಿಂದ ಅತ್ತೆ ಕೂಗಿದಳು:

"ಲೇ ದಡ್ಡಿ, ಮೂತಿ ಮ್ಯಾಲೆ ಕಪ್ಪೈತಲ್ಲ, ಕಾಣಾಕಿಲ್ವ? ಅದರವ್ವ ಅಗೋ, ಗೋಡೆ ತಾವ ನಿಂತೈತೆ."

ಬಿಟ್ಟೆ. ಆ ಕುರಿ ಮರಿಯನ್ನು ಮೂಸಿ ಹಾಲು ಕೊಟ್ಟಿತು.

ನಾನು ಯಾರೆಂಬುದನ್ನು ಮರೆತವಳಿಗೆ ಕುರಿಯ ಮೂತಿ ನೆನಪಿತ್ತು. ಆ ನೆನಪನ್ನು ಬಳಸಗೊಡದೆ ಅವಳನ್ನು ಕೂರಿಸಿದ್ದೆ. ತಲೆಗೆ ದಿನಾ ಕೆಲಸ ಕೊಡಿ ಎಂದು ಡಾಕ್ಟರು ಈಗ ಹೇಳುತ್ತಾರೆ. ಆಗ ನನಗೆ ಯಾರೂ ಹೇಳಲಿಲ್ಲ ಅನ್ನುವುದು ನೆಪ. ಕಾಲು ಮುರಿದ ದಿನ ನಾನು ಪಕ್ಕದಲ್ಲೇ ನಿಂತಿದ್ದೆ. ಕುರಿಯ ಕುತ್ತಿಗೆ ಹಿಡಿದುಕೊಂಡಿದ್ದರೆ ಸಾಕಿತ್ತು.

ಮರುದಿನ ಬೆಳಿಗ್ಗೆ ಎಲ್ಲ ಮರಿಗಳ ಕೆಮ್ಮಣ್ಣು ತೊಳೆದೆ. ಅತ್ತೆಯನ್ನು ರೊಪ್ಪಕ್ಕೆ ಕರೆತಂದು ಒಂದು ಮರಿಯನ್ನು ಅವಳ ಮಡಿಲಿಗೆ ಹಾಕಿದೆ. ಬಹಳ ಹೊತ್ತು ನೋಡಿ ಒಂದು ಕುರಿಯ ಕಡೆ ಕೈ ತೋರಿದಳು. ತಪ್ಪಾಗಿತ್ತು. ಗುದ್ದಲು ಬಂದ ಕುರಿಯ ಕುತ್ತಿಗೆಯನ್ನು ಎರಡೂ ಕೈಯಲ್ಲಿ ಬಿಗಿಹಿಡಿದು, "ಇನ್ನೊಂದ್ ಸಲ ನೋಡತ್ತೆ," ಅಂದೆ.