ದೋಣಿಯಲ್ಲಿ ರಾಹುಕಾಲ

ಸಮುದ್ರದ ನಡುವೆ ಓರೆಯಾಗಿ ಕೂತು ಪುಳಿಯೋಗರೆ ತಿಂದವರು ನಿಮ್ಮಲ್ಲಿ ಎಷ್ಟು ಜನ ಇದ್ದೀರೋ ಗೊತ್ತಿಲ್ಲ. ನಾನು ಕಳೆದ ಶನಿವಾರ ತಿಂದೆ. ದೋಣಿ ಒಂದು ಪಕ್ಕಕ್ಕೆ ವಾಲಿ ನಿಂತಿತ್ತು. ಡಬ್ಬಿ ತಾನಾಗಿಯೇ ಜಾರಿ ನನ್ನ ಹತ್ತಿರ ಬಂತು. ಅಷ್ಟರ ಮಟ್ಟಿಗೆ ಅನುಕೂಲವೇ.

ಆ ಸ್ಥಿತಿಗೆ ಕಾರಣ ರಾಹುವೋ ನಾನೋ? ಇದು ಈ ವಾರದ ಗಂಭೀರ ಪ್ರಶ್ನೆ.

ನನ್ನ ಮಗಳು ಅನಘ ಬ್ರಿಸ್ಬೇನಿನ ಒಂದು ಆಸ್ಪತ್ರೆಯಲ್ಲಿ ಫಾರ್ಮಸಿಸ್ಟ್. ಸ್ಪ್ರಿಂಗ್‌ಫೀಲ್ಡ್ ಲೇಕ್ಸ್‌ನ ನಮ್ಮ ಮನೆಯಿಂದಲೇ ರೈಲಿನಲ್ಲಿ ಓಡಾಟ. ಈಗ ಅದನ್ನು ಬಿಟ್ಟು ಅಡಿಲೇಡಿಗೆ ಹೋಗಿ, ಗ್ಲೆನೆಲ್ಗ್ ಕಡಲತೀರದಲ್ಲಿ ಜನರಿಗೆ ಹಾಯಿದೋಣಿ ನಡೆಸುವುದನ್ನು ಕಲಿಸುತ್ತಾಳಂತೆ. ಕೆಲಸ ಕೊಡುವವರೂ ಸಿಕ್ಕಿದ್ದಾರೆ. (ಇಂಥ ಕೆಲಸ ಕೊಡುವವರು ಇರುತ್ತಾರೆ ಎಂಬುದೇ ನನಗೆ ಹೊಸ ವಿಷಯ.) ಭಾನುವಾರದೊಳಗೆ ಅವರಿಗೆ ಉತ್ತರ ಹೇಳಬೇಕಿತ್ತು. ನಾನು ಬೇಡ ಅಂದಿರಲಿಲ್ಲ. ನೋಡೋಣ ಅಂದಿದ್ದೆ. ಅಪ್ಪಂದಿರು ನೋಡೋಣ ಅಂದರೆ ಏನರ್ಥ ಅಂತ ನಿಮಗೂ ಗೊತ್ತು, ಅವಳಿಗೂ ಗೊತ್ತು.

"ಒಂದು ದಿನ ನನ್ನ ಜೊತೆ ದೋಣಿಲಿ ಬಾ ಅಪ್ಪ. ಮೂರು ಐಲ್ಯಾಂಡ್ ತೋರಿಸ್ತೀನಿ. ಆಮೇಲೆ ಹೇಳು" ಅಂದಳು.

ಅಂದದ್ದು ಇಂಗ್ಲಿಷಿನಲ್ಲಿ. ಕನ್ನಡ ಅವಳಿಗೆ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲೇ ಬರುತ್ತದೆ. ನಿಮ್ಮ ಅನುಕೂಲಕ್ಕೆ ನಾನೇ ಕನ್ನಡ ಮಾಡಿ ಕೊಡುತ್ತಿದ್ದೇನೆ.

ಶನಿವಾರ ಬೆಳಿಗ್ಗೆ ಮ್ಯಾನ್ಲಿ ಬಂದರು ಮುಟ್ಟಿದೆವು. ರಜಾದಿನಗಳಲ್ಲಿ ಅವಳು ಹೋಗುವ ಹಾಯಿದೋಣಿ ಕ್ಲಬ್ಬಿನ ದೋಣಿ ಸಿದ್ಧವಾಗಿತ್ತು. ಒಂಬತ್ತಕ್ಕೆ ಹೊರಡೋದು ಅಂದಳು. ನಾನು ಕಾರಿನಿಂದ ಇಳಿಯಲಿಲ್ಲ.

ಶನಿವಾರ ಒಂಬತ್ತರಿಂದ ಹತ್ತೂವರೆ ರಾಹುಕಾಲ. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಹಾಗೇ ಇದೆ. ಬೆಂಗಳೂರಿನಿಂದ ತರಿಸಿದ ಕ್ಯಾಲೆಂಡರ್. ಸುಮ್ಮನೆ ಅಂಗಡಿಗೆ ಹೋಗುವುದಾಗಿದ್ದರೆ ಕಣ್ಣು ಮುಚ್ಚಿಕೊಂಡು ಹೊರಟುಬಿಡುತ್ತಿದ್ದೆ. ನೀರೆಂದರೆ ಹುಡುಗಾಟವೇ? ಅದೂ ಮಗಳ ಮುಂದಿನ ಬದುಕು ತೀರ್ಮಾನವಾಗುವ ದಿನ. (ಇದನ್ನು ಬಾಯಿಬಿಟ್ಟು ಹೇಳಲಿಲ್ಲ.)

"ಅಪ್ಪ, ಈಗ ಹೈ ಟೈಡ್. ಇನ್ನು ಸಮುದ್ರ ಹಿಂದೆ ಹೋಗೋಕೆ ಶುರು" ಅಂದಳು.

"ಸಮುದ್ರ ಎಲ್ಲಿಗೂ ಹೋಗಲ್ಲ ಕಣಮ್ಮ. ಕೂತ್ಕೋ."

ಅವಳು ಕೂರಲಿಲ್ಲ. ದೋಣಿಗೆ ಹೋಗಿ ಹಗ್ಗ ಬಿಗಿಯುತ್ತಿದ್ದಳು. ನಾನೂ ನನ್ನ ಹೆಂಡತಿ ಸುಧಾಳೂ ಕಾರಿನ ಕಿಟಕಿ ಇಳಿಸಿಕೊಂಡು ರಾಹುಕಾಲ ಕಳೆದೆವು. ಅದು ಮುಗಿಯುವ ಹೊತ್ತಿಗೆ ಸುಧಾ ಕೇಳಿದಳು, "ರೀ, ಇದು ಬೆಂಗಳೂರಿನ ರಾಹುಕಾಲ ಅಲ್ವಾ? ಅಲ್ಲಿ ಇನ್ನೂ ಈಗ ಬೆಳಗಾಗ್ತಿದೆ."

ಈ ದೇಶಕ್ಕೆ ಬಂದು ಇಪ್ಪತ್ತು ವರ್ಷವಾಯಿತು. ಈ ಪ್ರಶ್ನೆ ನನಗೆ ಒಮ್ಮೆಯೂ ಹೊಳೆದಿರಲಿಲ್ಲ.

ಪಂಚಾಂಗದ ವಿಷಯದಲ್ಲಿ ನಮ್ಮ ಸುಪ್ರೀಂ ಕೋರ್ಟು ಮೈಸೂರಿನಲ್ಲಿರುವ ಭಾವಮೈದ. ಫೋನ್ ಮಾಡಿದೆ. ಕಾಫಿ ಹೀರುತ್ತಲೇ ವಿಚಾರಣೆ ಶುರುಮಾಡಿದ.

"ಸೂರ್ಯ ಎಲ್ಲಿ ಹುಟ್ತಾನೋ ಅಲ್ಲಿಂದ ಲೆಕ್ಕ ಭಾವ. ನಿಮ್ಮಲ್ಲಿ ಎಷ್ಟೊತ್ತಿಗೆ ಹುಟ್ಟಿದ?"

"ಐದಕ್ಕೆ ಮುಂಚೆನೇ. ಬೇಸಿಗೆ ಅಲ್ವಾ."

"ಡಿಸೆಂಬರ್‌ನಲ್ಲಿ? ಆಯ್ತು ಬಿಡಿ. ಹಂಗಾದ್ರೆ ನಿಮ್ಮ ರಾಹುಕಾಲ ಎಂಟು ಚಿಲ್ಲರೆಗೇ ಶುರುವಾಗಿ ಹತ್ತಕ್ಕೆ ಮುಗಿದುಹೋಯ್ತು."

ಅಂದರೆ, ನಾವು ಹೆದ್ದಾರಿಯಲ್ಲಿ ರಾಹುವಿನ ಜೊತೆಜೊತೆಗೇ ಬಂದು, ಅವನು ಹೊರಟುಹೋದ ಮೇಲೂ ಅರ್ಧ ಗಂಟೆ ಅವನಿಗಾಗಿ ಕಾದಿದ್ದೆವು.

"ಮತ್ತೆ ಬೆಂಗಳೂರಿಂದು ಲೆಕ್ಕಕ್ಕೇ ಇಲ್ವಾ?" ಅಂದೆ.

"ಸಮುದ್ರ ದಾಟಿದವರ ಶಾಸ್ತ್ರ ನಾನು ಓದಿಲ್ಲ ಭಾವ. ಕಾಫಿ ಆರ್ತಿದೆ."

ಅಂತೂ ಹೊರಟೆವು. ಮೊದಲ ದ್ವೀಪ ಗ್ರೀನ್ ಐಲ್ಯಾಂಡ್ ಮೂಗಿನ ನೇರಕ್ಕೆ ಕಾಣುತ್ತಿತ್ತು. ಮಗಳು ಎಡಕ್ಕೆ ಹೋದಳು. ಆಮೇಲೆ ಬಲಕ್ಕೆ. ಮತ್ತೆ ಎಡಕ್ಕೆ.

"ಎದುರಿಗೇ ಇದೆಯಲ್ಲಮ್ಮ, ನೇರ ಹೋಗು."

"ಗಾಳಿ ಅಲ್ಲಿಂದಲೇ ಬರ್ತಿದೆ ಅಪ್ಪ. ನೇರ ಹೋದ್ರೆ ದೋಣಿ ನಿಂತುಬಿಡತ್ತೆ. ತಲೆ ಬಗ್ಗಿಸು."

ದಿಕ್ಕು ಬದಲಿಸಿದಾಗಲೆಲ್ಲ ಹಾಯಿಯ ಅಡ್ಡಕಂಬ ತಲೆಯ ಮೇಲೆ ಹಾದುಹೋಗುತ್ತದೆ. ಮಗಳ ಮಾತಿಗೆ ನಾನು ಒಂದೇ ದಿನದಲ್ಲಿ ಅಷ್ಟು ಸಲ ತಲೆ ಬಗ್ಗಿಸಿದ್ದು ಅದೇ ಮೊದಲು.

ಗ್ರೀನ್ ಐಲ್ಯಾಂಡ್ ನೋಡಿ ಎರಡನೆಯದರ ಕಡೆಗೆ ಹೊರಟಿದ್ದೆವು. ದೋಣಿ ಮೆತ್ತಗೆ ಒಮ್ಮೆ ಕುಲುಕಿ ನಿಂತಿತು. ಕೆಳಗೆ ಮರಳು. ನೀರು ನಮ್ಮ ಕಣ್ಣೆದುರೇ ಇಳಿಯುತ್ತಾ ಹೋಯಿತು. ಎಲ್ಲಿಗೂ ಹೋಗದ ಸಮುದ್ರ.

ಸುಧಾ ಬೆರಳು ಮಡಚಿ ಎಣಿಸಿದಳು. "ರೀ, ಬೆಂಗಳೂರಲ್ಲಿ ಈಗಷ್ಟೇ ಒಂಬತ್ತು ದಾಟಿದೆ."

ನನಗೆ ರೋಮಾಂಚನವಾಯಿತು. ಕ್ಯಾಲೆಂಡರ್ ಗೆದ್ದಿತ್ತು. ಮಗಳಿಗೆ ಸವಿಸ್ತಾರವಾಗಿ ವಿವರಿಸಿದೆ.

"ಒಂಬತ್ತಕ್ಕೇ ಹೊರಟಿದ್ರೆ ಈ ಮರಳಿನ ಮೇಲೆ ಬೇಕಾದಷ್ಟು ನೀರು ಇರ್ತಿತ್ತು ಅಪ್ಪ" ಅಂದಳು. ಆಮೇಲೆ ಅವಳೇ, "ಲೇಟಾಗಿತ್ತಲ್ಲ, ಮೂರೂ ತೋರಿಸಿಬಿಡೋಣ ಅಂತ ಅಡ್ಡದಾರಿ ಹಿಡಿದೆ. ಹಿಡೀಬಾರದಿತ್ತು. ತಪ್ಪು ನಂದೇ."

ನನ್ನ ಉತ್ತರ 'ಬೇಡ' ಎಂದೇ ಅವಳು ತೀರ್ಮಾನಿಸಿಕೊಂಡಿದ್ದಳು. ಮುಖ ನೋಡಿದರೆ ಗೊತ್ತಾಗುತ್ತಿತ್ತು. ಆದರೆ ಕೈ ನಿಲ್ಲಲಿಲ್ಲ. ಲಂಗರು ಹಾಕಿದಳು. ರೇಡಿಯೋದಲ್ಲಿ ಯಾರಿಗೋ ನಾವಿರುವ ಜಾಗ ತಿಳಿಸಿದಳು. ಅಮ್ಮನನ್ನು ಎತ್ತರದ ಬದಿಗೆ ಕೂರಿಸಿ, ಲೈಫ್ ಜಾಕೆಟ್ಟಿನ ಪಟ್ಟಿ ಸರಿಮಾಡಿ, "ಸಂಜೆ ನೀರು ಬರತ್ತೆ, ದೋಣಿ ತಾನೇ ಏಳತ್ತೆ. ಈಗ ಊಟ" ಅಂದಳು.

ತಪ್ಪು ನಂದೇ ಎಂದು ಹೇಳಿ, ಮರುಕ್ಷಣವೇ ಕೆಲಸಕ್ಕಿಳಿದವರು ನಮ್ಮ ವಂಶದಲ್ಲಿ ಇದುವರೆಗೆ ಯಾರೂ ಇಲ್ಲ. ಇವಳು ಯಾರನ್ನು ನೋಡಿ ಕಲಿತಳು? ನನಗೆ ಇವತ್ತಿಗೂ ಗೊಂದಲ.

ಸಂಜೆ ನೀರು ಬಂತು. ದೋಣಿ ನಿದ್ದೆಯಿಂದ ಎದ್ದವರಂತೆ ನಿಧಾನಕ್ಕೆ ನೆಟ್ಟಗಾಯಿತು. ವಾಪಸು ಬರುವಾಗ ಗಾಳಿ ಬೆನ್ನಿಗಿತ್ತು, ದಾರಿ ನೇರವಾಗಿತ್ತು.

"ತೋರಿಸಿದ್ದು ಒಂದೇ ಐಲ್ಯಾಂಡ್. ಆದ್ರೂ ಕೇಳ್ತೀನಿ. ಹೋಗ್ಲಾ?"

"ಒಳ್ಳೆ ಗಳಿಗೆ ನೋಡಿ ಹೇಳ್ತೀನಮ್ಮ."

"ಯಾವ ಊರಿನ ಗಳಿಗೆ ಅಪ್ಪ?"

ಇದನ್ನು ನಾನು ಕನ್ನಡ ಮಾಡಿದ್ದಲ್ಲ. ಅವಳೇ ಆಡಿದ್ದು. ಸುಧಾ ಸಮುದ್ರದ ಕಡೆ ಮುಖ ತಿರುಗಿಸಿಕೊಂಡಳು. ಭುಜ ಕುಲುಕುತ್ತಿತ್ತು.

"ಹೋಗು" ಅಂದೆ.

ಮುಂದಿನ ತಿಂಗಳು ಒಂದು ಶನಿವಾರ ಅವಳ ವಿಮಾನ. ಅಡಿಲೇಡ್ ಇರುವುದು ನಮಗಿಂತ ಪಶ್ಚಿಮಕ್ಕೆ, ಆದರೆ ಬೇಸಿಗೆಯಲ್ಲಿ ಅಲ್ಲಿನ ಗಡಿಯಾರ ನಮ್ಮದಕ್ಕಿಂತ ಅರ್ಧ ಗಂಟೆ ಮುಂದೆ. (ಯಾಕೆಂದು ನನ್ನನ್ನು ಕೇಳಬೇಡಿ.) ಬ್ರಿಸ್ಬೇನಿನಲ್ಲಿ ಹತ್ತಿ ಅಡಿಲೇಡಿನಲ್ಲಿ ಇಳಿಯುವ ಹುಡುಗಿಗೆ, ಬೆಂಗಳೂರಿನ ಕ್ಯಾಲೆಂಡರ್ ನೋಡಿ, ಎಷ್ಟೊತ್ತಿಗೆ ಮನೆ ಬಿಡು ಅನ್ನಲಿ?